ವೈಫೈ ಪಾಸ್‌ವರ್ಡ್ ‘ತಪ್ಪು’ ಅಂತ ಬಂದಾಗ: ರೀಸೆಟ್ ಒತ್ತುವ ಮುಂಚೆ ನೋಡಬೇಕಾದ್ದು

ಒಂದು ಭಾನುವಾರ ಬೆಳಿಗ್ಗೆ ತಿಪಟೂರಿನಿಂದ ನನ್ನ ಅತ್ತೆ ಫೋನ್ ಮಾಡಿದರು. ಮಾವನಿಗೆ ಹೊಸ ಫೋನ್ ತಂದಿದ್ದರು. ಅದಕ್ಕೆ ಮನೆಯ ವೈಫೈ ಸಿಗುತ್ತಿರಲಿಲ್ಲ.

“ನನ್ನ ಫೋನಲ್ಲಿ ನೆಟ್ ಚೆನ್ನಾಗೇ ಬರ್ತಿದೆ ಕಣೋ. ಅದೇ ಪಾಸ್‌ವರ್ಡ್ ಇವರ ಫೋನಿಗೆ ಹಾಕಿದ್ರೆ ತಪ್ಪು ಅಂತಿದೆ. ನೆಟ್‌ನೋರನ್ನ ಕೇಳಿದ್ರೆ ಪೆಟ್ಟಿಗೆ ಹಿಂದೆ ಪಿನ್ ಚುಚ್ಚಿ ರೀಸೆಟ್ ಮಾಡಿ ಅಂದ್ರು. ಚುಚ್ಚಲಾ?”

“ಬೇಡ ಅತ್ತೆ, ಚುಚ್ಚಬೇಡಿ” ಅಂದೆ. ಮುಕ್ಕಾಲು ಗಂಟೆ ಫೋನಿನಲ್ಲೇ ಹುಡುಕಿದೆವು. ಕೊನೆಗೆ ರೂಟರಿನಲ್ಲಿ ಏನೂ ತೊಂದರೆ ಇರಲಿಲ್ಲ. ಪಿನ್ ಚುಚ್ಚಿದ್ದರೆ ಚೆನ್ನಾಗಿ ಓಡುತ್ತಿದ್ದ ಅತ್ತೆಯ ಫೋನಿನ ನೆಟ್ಟೂ ಹೋಗುತ್ತಿತ್ತು. ಅವತ್ತು ನೋಡಿದ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಬೇರೆ ಮನೆಗಳಲ್ಲಿ ಕಂಡ ಒಂದಷ್ಟನ್ನೂ ಸೇರಿಸಿದ್ದೇನೆ.

ಎಲ್ಲಿ ನಿಂತಿದೆ ಅಂತ ಮೊದಲು ನೋಡಿ

‘ವೈಫೈ ಬರ್ತಿಲ್ಲ’ ಅನ್ನೋ ಒಂದೇ ಮಾತಿನೊಳಗೆ ನಾಲ್ಕು ಬೇರೆ ಬೇರೆ ತೊಂದರೆಗಳಿರುತ್ತವೆ. ಫೋನಿನ ಪರದೆ ಏನು ಹೇಳುತ್ತಿದೆ ಅಂತ ಅಕ್ಷರ ಬಿಡದೆ ಓದಿ.

ನಿಮ್ಮ ವೈಫೈ ಹೆಸರೇ ಪಟ್ಟಿಯಲ್ಲಿ ಕಾಣುತ್ತಿಲ್ಲ ಅಂದರೆ ಪಾಸ್‌ವರ್ಡ್ ಬಗ್ಗೆ ಯೋಚಿಸೋದೇ ಬೇಡ. ರೂಟರ್ ಆಫ್ ಆಗಿರಬಹುದು, ದೂರ ಇರಬಹುದು, ಇಲ್ಲವೇ ಆ ಫೋನಿಗೆ 5 ಗಿಗಾಹರ್ಟ್ಸ್ ಸಿಗ್ನಲ್ ಹಿಡಿಯೋಕೆ ಬರದೇ ಇರಬಹುದು. ‘ಕನೆಕ್ಟೆಡ್, ನೋ ಇಂಟರ್‌ನೆಟ್’ ಅಂತ ಬಂದರೆ ಪಾಸ್‌ವರ್ಡ್ ಸರಿಯಾಗಿದೆ, ಆಚೆಯಿಂದ ಬರುವ ನೆಟ್ ಇಲ್ಲ ಅಂತ ಅರ್ಥ. ಆಗ ಫೈಬರ್‌ನವರಿಗೆ ಫೋನ್ ಮಾಡಬೇಕು. ‘ಅಬ್ಟೈನಿಂಗ್ ಐಪಿ ಅಡ್ರೆಸ್’ ಅಂತ ಸುತ್ತುತ್ತಾ ನಿಂತರೂ ಪಾಸ್‌ವರ್ಡ್ ದಾಟಿ ಆಗಿದೆ. ರೂಟರ್ ಫೋನಿಗೆ ವಿಳಾಸ ಕೊಡುತ್ತಿಲ್ಲ, ಅಷ್ಟೇ. ರೂಟರನ್ನು ಅರ್ಧ ನಿಮಿಷ ಆಫ್ ಮಾಡಿ ಆನ್ ಮಾಡಿದರೆ ಇದು ಸಾಮಾನ್ಯವಾಗಿ ಸರಿಹೋಗುತ್ತದೆ. (ಒಂದು ಅಪವಾದ ಇದೆ. ತುಂಬಾ ಹಳೆಯ ರೂಟರ್, ಅದರಲ್ಲಿ ‘ವೆಪ್’ ಅನ್ನೋ ಹಳೇ ಭದ್ರತೆ ಇದ್ದರೆ, ತಪ್ಪು ಪಾಸ್‌ವರ್ಡ್ ಹಾಕಿದರೂ ಒಳಗೆ ಬಿಟ್ಟುಕೊಂಡು ಇದೇ ಜಾಗದಲ್ಲಿ ನಿಲ್ಲಿಸುತ್ತದೆ. ಆ ಭದ್ರತೆಯನ್ನು 2004ರಲ್ಲೇ ಕೈಬಿಟ್ಟಾಗಿದೆ. ಇನ್ನೂ ಅದೇ ಇದ್ದರೆ ರೂಟರ್ ಬದಲಿಸಿ.)

‘ಪಾಸ್‌ವರ್ಡ್ ತಪ್ಪು’ ಅಥವಾ ‘ಅಥೆಂಟಿಕೇಶನ್ ಎರರ್’ ಅಂತ ಬಂದರೆ ಮಾತ್ರ ಮುಂದಕ್ಕೆ ಓದಿ.

ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಒಂದೇ ಫೋನಿಗೆ ಹೀಗಾ, ಎಲ್ಲದಕ್ಕೂ ಹೀಗಾ? ಅತ್ತೆಯ ಫೋನ್ ಓಡುತ್ತಿತ್ತು. ಅಂದರೆ ರೂಟರಿನ ಪಾಸ್‌ವರ್ಡ್ ಬದಲಾಗಿಲ್ಲ, ತೊಂದರೆ ಹೊಸ ಫೋನಿನ ಕಡೆ ಇದೆ. ಟಿವಿ, ಫೋನ್, ಲ್ಯಾಪ್‌ಟಾಪ್ ಎಲ್ಲವೂ ಒಟ್ಟಿಗೆ ಕೈಕೊಟ್ಟರೆ ರೂಟರಿನಲ್ಲಿ ಏನೋ ಬದಲಾಗಿದೆ. ಯಾರೋ ರಿಪೇರಿಗೆ ಬಂದು ಹೋಗಿರಬಹುದು, ಮಕ್ಕಳು ಪಿನ್ ಚುಚ್ಚಿರಬಹುದು, ಕಂಪನಿಯವರು ದೂರದಿಂದಲೇ ಅಪ್‌ಡೇಟ್ ಹಾಕಿರಬಹುದು. ಆಗ ರೂಟರಿನ ಕೆಳಗಿರುವ ಚೀಟಿಯ ಪಾಸ್‌ವರ್ಡ್ ಹಾಕಿ ನೋಡಿ. ಅದು ಕೆಲಸ ಮಾಡಿದರೆ ರೂಟರ್ ತನ್ನ ಮೂಲ ಸ್ಥಿತಿಗೆ ಮರಳಿದೆ.

‘ತಪ್ಪು’ ಅನ್ನೋದು ಫೋನಿನ ಊಹೆ

ಇದು ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಹೆಚ್ಚಿನ ಮನೆಗಳಲ್ಲಿ ಈಗ ಇರೋದು 2004ರಲ್ಲಿ ಬಂದ ಡಬ್ಲ್ಯೂಪಿಎ2 ಭದ್ರತೆ. ಅದರಲ್ಲಿ ನಿಮ್ಮ ಪಾಸ್‌ವರ್ಡ್ ಗಾಳಿಯಲ್ಲಿ ಹೋಗೋದೇ ಇಲ್ಲ. ಫೋನ್ ಮತ್ತು ರೂಟರ್ ಎರಡೂ ಪಾಸ್‌ವರ್ಡನ್ನು ವೈಫೈ ಹೆಸರಿನ ಜೊತೆ ಸೇರಿಸಿ, 4096 ಸಲ ಅರೆದು, ತಮ್ಮ ತಮ್ಮಲ್ಲೇ ಒಂದು ಕೀಲಿ ಮಾಡಿಕೊಳ್ಳುತ್ತವೆ. ಆಮೇಲೆ ನಾಲ್ಕು ಚಿಕ್ಕ ಸಂದೇಶಗಳಲ್ಲಿ ‘ನನ್ನ ಹತ್ತಿರವೂ ಅದೇ ಕೀಲಿ ಇದೆ’ ಅಂತ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತವೆ.

ಫೋನ್ ತೋರಿಸಿದ್ದು ತಾಳೆ ಆಗದಿದ್ದರೆ ರೂಟರ್ ‘ನಿನ್ನ ಪಾಸ್‌ವರ್ಡ್ ತಪ್ಪು’ ಅಂತ ಹೇಳೋದಿಲ್ಲ. ಅಂಥ ಸಂದೇಶವೇ ಈ ಪದ್ಧತಿಯಲ್ಲಿ ಇಲ್ಲ. ಅದು ಉತ್ತರ ಕೊಡದೆ ಸುಮ್ನೆ ಇದ್ದುಬಿಡುತ್ತದೆ. ಒಂದೆರಡು ಸಲ ಕಾದು ನೋಡಿದ ಫೋನ್ ‘ಓಹೋ, ಪಾಸ್‌ವರ್ಡ್ ತಪ್ಪಿರಬೇಕು’ ಅಂದುಕೊಂಡು ನಿಮಗೆ ಹಾಗೇ ತೋರಿಸುತ್ತದೆ. ಸಿಗ್ನಲ್ ಕಡಿಮೆಯಾಗಿ ಆ ನಾಲ್ಕರಲ್ಲಿ ಒಂದು ಸಂದೇಶ ದಾರಿಯಲ್ಲೇ ಕಳೆದುಹೋದರೂ ಪರದೆ ಮೇಲೆ ಬರೋದು ಅದೇ ಮಾತು. ಹಾಗಾಗಿ ಮಹಡಿ ಮೇಲಿನ ಕೋಣೆಯಲ್ಲೋ, ಹಿತ್ತಲಿನಲ್ಲೋ ನಿಂತು ಹತ್ತು ಸಲ ಟೈಪ್ ಮಾಡಬೇಡಿ. ರೂಟರ್ ಇರುವ ಕೋಣೆಗೆ ಬಂದು, ಎರಡು ಮೂರು ಅಡಿ ದೂರದಲ್ಲಿ ನಿಂತು ಒಂದು ಸಲ ಹಾಕಿ.

ಇದರಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಕೀಲಿ ತಯಾರಾಗೋದು ಹೆಸರು ಮತ್ತು ಪಾಸ್‌ವರ್ಡ್ ಎರಡೂ ಸೇರಿ. ವೈಫೈ ಹೆಸರಿನಲ್ಲಿ ಒಂದು ಅಕ್ಷರ ಬದಲಿಸಿದರೂ ಫೋನಿಗೆ ಅದು ಹೊಸ ನೆಟ್‌ವರ್ಕ್. ‘ಪಾಸ್‌ವರ್ಡ್ ಬದಲಿಸಿಲ್ಲ, ಹೆಸರು ಮಾತ್ರ ಬದಲಿಸಿದೆ, ಎಲ್ಲ ಕೈಕೊಡ್ತು’ ಅನ್ನುವವರಿಗೆ ಕಾರಣ ಇದೇ. ಎಲ್ಲ ಸಾಧನಗಳಿಗೂ ಹೊಸ ಹೆಸರನ್ನು ಆರಿಸಿ ಪಾಸ್‌ವರ್ಡ್ ಮತ್ತೆ ಹಾಕಬೇಕು.

ಯಾವ ಪಾಸ್‌ವರ್ಡ್ ಹಾಕುತ್ತಿದ್ದೀರಿ?

ಒಂದು ಮನೆಯ ನೆಟ್ಟಿಗೆ ಮೂರು ಪಾಸ್‌ವರ್ಡ್ ಇರಬಹುದು. ಮೊದಲನೆಯದು ವೈಫೈ ಪಾಸ್‌ವರ್ಡ್. ಎರಡನೆಯದು ರೂಟರಿನ ಸೆಟ್ಟಿಂಗ್ ಪುಟದ್ದು, ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಹಾಕಿದಾಗ ಕೇಳೋದು. ಮೂರನೆಯದು ಕಂಪನಿಯವರು ಸಂಪರ್ಕಕ್ಕೆ ಕೊಡೋ ಯೂಸರ್‌ನೇಮ್-ಪಾಸ್‌ವರ್ಡ್. ಅದು ರೂಟರಿನ ಒಳಗೇ ಕೂತಿರುತ್ತದೆ, ನಾವು ದಿನಾ ನೋಡೋದಿಲ್ಲ. ಬಿಲ್ಲಿನ ಮೇಲಿರುವ ಮೂರನೆಯದನ್ನೋ, ಚೀಟಿಯಲ್ಲಿ ಮೇಲುಗಡೆ ಇರುವ ಎರಡನೆಯದನ್ನೋ ವೈಫೈಗೆ ಹಾಕಿ ಗಂಟೆಗಟ್ಟಲೆ ಒದ್ದಾಡಿದವರನ್ನು ನೋಡಿದ್ದೇನೆ. ಚೀಟಿಯಲ್ಲಿ ‘ವೈಫೈ ಕೀ’ ಅಥವಾ ‘ವೈರ್‌ಲೆಸ್ ಪಾಸ್‌ವರ್ಡ್’ ಅಂತ ಇರುವ ಸಾಲೇ ಬೇಕು.

ಡಬ್ಲ್ಯೂಪಿಎ2 ಪಾಸ್‌ವರ್ಡ್ ಕನಿಷ್ಠ 8 ಅಕ್ಷರ ಇರಲೇಬೇಕು, ಗರಿಷ್ಠ 63. ಟೈಪ್ ಮಾಡಿದ ಮೇಲೂ ‘ಕನೆಕ್ಟ್’ ಗುಂಡಿ ಮಂಕಾಗೇ ಇದ್ದರೆ ಒಂದೋ ಎರಡೋ ಅಕ್ಷರ ಬಿಟ್ಟಿದ್ದೀರಿ ಅಂತಲೇ ಲೆಕ್ಕ.

ಬೆರಳು, ಕಣ್ಣು, ಕೀಬೋರ್ಡ್

ನಾನು ನೋಡಿದ ಮಟ್ಟಿಗೆ ತೊಂದರೆ ಜಾಸ್ತಿ ಇರೋದು ಇಲ್ಲೇ. ಪಾಸ್‌ವರ್ಡ್ ಪೆಟ್ಟಿಗೆಯ ಪಕ್ಕದಲ್ಲಿರುವ ಕಣ್ಣಿನ ಗುರುತು ಒತ್ತಿ, ಟೈಪ್ ಮಾಡುತ್ತಿರೋದು ಕಾಣುವ ಹಾಗೆ ಮಾಡಿಕೊಳ್ಳಿ. ಚುಕ್ಕಿಗಳನ್ನು ನೋಡಿಕೊಂಡು ಟೈಪ್ ಮಾಡಬೇಡಿ.

ಸೊನ್ನೆ ಮತ್ತು ಇಂಗ್ಲಿಷಿನ ‘ಓ’, ಒಂದು ಮತ್ತು ಸಣ್ಣ ‘ಎಲ್’ ಮತ್ತು ದೊಡ್ಡ ‘ಐ’, ಐದು ಮತ್ತು ‘ಎಸ್’, ಎಂಟು ಮತ್ತು ‘ಬಿ’. ಇವು ಮೋಸ ಮಾಡುವ ಜೋಡಿಗಳು. ರೂಟರ್ ಚೀಟಿಯ ಪಾಸ್‌ವರ್ಡಿನಲ್ಲಿ ಅಂಕಿಗಳ ಜೊತೆ ‘ಎ’ಯಿಂದ ‘ಎಫ್’ ತನಕದ ಅಕ್ಷರಗಳು ಮಾತ್ರ ಕಂಡರೆ ಅದು ಹೆಕ್ಸ್ ಸಂಖ್ಯೆ ಇರಬಹುದು, ಅಂದರೆ ಸೊನ್ನೆಯಿಂದ ಒಂಬತ್ತು ಮತ್ತು ‘ಎ’ಯಿಂದ ‘ಎಫ್’ ಮಾತ್ರ ಬಳಸಿ ಬರೆಯುವ ಸಂಖ್ಯೆ. ಅದರಲ್ಲಿ ‘ಓ’ ಬರೋದಿಲ್ಲ, ‘ಎಸ್’ ಬರೋದಿಲ್ಲ. ಗುಂಡಗಿರೋದು ಸೊನ್ನೆ, ಬಳುಕಿರೋದು ಐದು. ಎಂಟು ಮತ್ತು ‘ಬಿ’ ಮಾತ್ರ ಎರಡೂ ಬರಬಹುದು, ಅಲ್ಲಿ ಎರಡನ್ನೂ ಹಾಕಿ ನೋಡಬೇಕು. ಚೀಟಿಯ ಫೋಟೋ ತೆಗೆದು ಹಿಗ್ಗಿಸಿ ನೋಡಿದರೆ ಎಷ್ಟೋ ಸ್ಪಷ್ಟ.

ಫೋನಿನಲ್ಲಿ ಹೇಳಿ ಬರೆಸುವಾಗ ‘ಎಂ ಫಾರ್ ಮೈಸೂರು, ಬಿ ಫಾರ್ ಬೆಂಗಳೂರು’ ಅಂತ ಹೇಳೋ ನಮ್ಮ ಅಭ್ಯಾಸ ಒಳ್ಳೆಯದೇ. ಆದರೆ ದೊಡ್ಡದಾ ಚಿಕ್ಕದಾ ಅಂತ ಪ್ರತಿ ಅಕ್ಷರಕ್ಕೂ ಹೇಳಿ. ‘ಎಲ್ಲಾ ಸ್ಮಾಲು’ ಅಂತ ಒಟ್ಟಿಗೆ ಹೇಳಿದರೆ, ಆ ಕಡೆಯವರ ಫೋನ್ ಮೊದಲಕ್ಷರವನ್ನು ತಾನೇ ದೊಡ್ಡದು ಮಾಡಿದ್ದು ಯಾರಿಗೂ ಗೊತ್ತಾಗೋದಿಲ್ಲ.

ಕಾಪಿ ಮಾಡಿ ಅಂಟಿಸಿದರೆ ತಪ್ಪೇ ಆಗೋದಿಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಮೆಸೇಜಿನಿಂದ ಕಾಪಿ ಮಾಡುವಾಗ ಕೊನೆಯಲ್ಲಿ ಒಂದು ಖಾಲಿ ಜಾಗವೋ, ವಾಕ್ಯದ ಕೊನೆಯ ಚುಕ್ಕಿಯೋ ಜೊತೆಗೆ ಬಂದುಬಿಡುತ್ತದೆ. ನೇರವಾಗಿರಬೇಕಾದ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗಿರುತ್ತದೆ. ರೂಟರಿಗೆ ಅವೆರಡೂ ಬೇರೆ.

ಅತ್ತೆಯ ಮನೆಯಲ್ಲಿ ಆಗಿದ್ದೂ ಇಂಥದ್ದೇ. ಅವರ ಪಾಸ್‌ವರ್ಡ್ ಅಂದರೆ ಒಂದು ಇಂಗ್ಲಿಷ್ ಅಕ್ಷರಗಳ ಪದ, ಕೊನೆಯಲ್ಲಿ ಎರಡು ಸೊನ್ನೆ. ಅತ್ತೆ ಅದನ್ನು ಮಾವನಿಗೆ ಮೆಸೇಜ್ ಕಳಿಸಿದ್ದರು, ಮಾವ ಅದನ್ನೇ ಅಂಟಿಸಿದ್ದರು. ನನಗೂ ಅದನ್ನು ಕಳಿಸಲು ಹೇಳಿದೆ. ಕಣ್ಣಿಗೆ ಎಲ್ಲ ಸರಿ ಇತ್ತು. ಆದರೆ ಆ ಎರಡು ಸೊನ್ನೆ ಪಕ್ಕದ ಅಕ್ಷರಗಳಿಗಿಂತ ಒಂಚೂರು ಕುಳ್ಳಗೆ ಕಂಡವು. ಹಿಗ್ಗಿಸಿ ನೋಡಿದೆ. ಅವು ಕನ್ನಡದ ಸೊನ್ನೆಗಳು, ‘೦೦’. ಅತ್ತೆ ಪದ ಬರೆದ ಮೇಲೆ ಕೀಬೋರ್ಡ್ ಕನ್ನಡಕ್ಕೆ ತಿರುಗಿತ್ತು, ಅಂಕಿಗಳು ಕನ್ನಡದಲ್ಲಿ ಬಿದ್ದಿದ್ದವು. ಒಂದೋ ಎರಡೋ ಇದ್ದಿದ್ದರೆ ‘೧’, ‘೨’ ಅಂತ ತಕ್ಷಣ ಕಾಣುತ್ತಿತ್ತು. ಸೊನ್ನೆ ಮಾತ್ರ ಎರಡು ಲಿಪಿಯಲ್ಲೂ ಒಂದೇ ಥರ. ಕೀಲಿ ಅರೆಯುವ ಲೆಕ್ಕಕ್ಕೆ ಅವೆರಡೂ ಬೇರೆ ಬೇರೆ ಅಕ್ಷರ. “ಮಾವ, ಅಂಟಿಸಿದ್ದು ಅಳಿಸಿ, ಇಂಗ್ಲಿಷ್ ಕೀಬೋರ್ಡಲ್ಲಿ ಕೈಯಾರೆ ಹಾಕಿ” ಅಂದೆ. ಮೊದಲ ಸಲಕ್ಕೇ ಹತ್ತಿತು.

ಫೋನಿನಲ್ಲಿ ಕನ್ನಡ ಬರೆಯುವ ಎಲ್ಲರಿಗೂ ಇದು ಆಗಬಹುದು. ಲ್ಯಾಪ್‌ಟಾಪಿನಲ್ಲಿ ನುಡಿ ಅಥವಾ ಬರಹ ಹಾಕಿಕೊಂಡವರು ಕನ್ನಡ ಮೋಡ್ ಆಫ್ ಇದೆಯಾ ಅಂತ ನೋಡಿಕೊಳ್ಳಿ. ಕ್ಯಾಪ್ಸ್ ಲಾಕ್ ಮತ್ತು ನಮ್ ಲಾಕ್ ದೀಪಗಳನ್ನೂ ನೋಡಿ.

ಟೈಪ್ ಮಾಡದೇ ಸೇರಿಸೋ ದಾರಿ

ಮನೆಯಲ್ಲಿ ಒಂದು ಫೋನಾದರೂ ವೈಫೈನಲ್ಲಿದ್ದರೆ ಪಾಸ್‌ವರ್ಡ್ ಅದರಲ್ಲೇ ಇದೆ. ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸದಾದರೆ ವೈಫೈ ಸೆಟ್ಟಿಂಗಿನಲ್ಲಿ ಆ ಹೆಸರು ಒತ್ತಿ, ‘ಶೇರ್’ ಒತ್ತಿ, ಬೆರಳಚ್ಚು ಕೊಡಿ. ಕ್ಯೂಆರ್ ಕೋಡ್ ಬರುತ್ತದೆ. ಹೊಸ ಫೋನಿನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಆಯ್ತು. ಕೆಲವು ಫೋನುಗಳಲ್ಲಿ ಕೋಡಿನ ಕೆಳಗೆ ಪಾಸ್‌ವರ್ಡೂ ಕಾಣುತ್ತದೆ. ಐಫೋನಿನಲ್ಲಿ ಐಓಎಸ್ 16ರಿಂದ ವೈಫೈ ಹೆಸರಿನ ಪಕ್ಕದ ‘ಐ’ ಗುರುತು ಒತ್ತಿದರೆ ಪಾಸ್‌ವರ್ಡ್ ಸಾಲು ಇರುತ್ತದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್ ಪ್ಯಾನೆಲ್‌ನ ‘ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರ್’ಗೆ ಹೋಗಿ ವೈಫೈ ಹೆಸರು ಒತ್ತಿ. ‘ವೈರ್‌ಲೆಸ್ ಪ್ರಾಪರ್ಟೀಸ್’ನ ‘ಸೆಕ್ಯುರಿಟಿ’ಯಲ್ಲಿ ‘ಶೋ ಕ್ಯಾರೆಕ್ಟರ್ಸ್’ ಟಿಕ್ ಮಾಡಿದರೆ ಕಾಣುತ್ತದೆ.

ಇದನ್ನು ಮೊದಲು ಮಾಡಿ, ಎಲ್ಲೋ ಒಂದು ಕಡೆ ಬರೆದಿಟ್ಟುಕೊಳ್ಳಿ. ಆಮೇಲೆ ಮಾತ್ರ ತೊಂದರೆಯ ಫೋನಿನಲ್ಲಿ ‘ಫರ್ಗೆಟ್ ನೆಟ್‌ವರ್ಕ್’ ಒತ್ತಿ ಹೊಸದಾಗಿ ಸೇರಿಸಿ. ಹಳೇ ಪಾಸ್‌ವರ್ಡ್ ಫೋನಿನಲ್ಲಿ ಉಳಿದುಕೊಂಡಿದ್ದರೆ ಅದು ಅದನ್ನೇ ಮತ್ತೆ ಮತ್ತೆ ಹಾಕುತ್ತಿರುತ್ತದೆ, ಆಗ ಫರ್ಗೆಟ್ ಮಾಡಲೇಬೇಕು. ಆದರೆ ಓಡುತ್ತಿರುವ ಒಂದೇ ಒಂದು ಫೋನಿನಲ್ಲಿ ದಯವಿಟ್ಟು ಅದನ್ನು ಒತ್ತಬೇಡಿ. ಪಾಸ್‌ವರ್ಡ್ ಉಳಿದಿರುವ ಜಾಗ ಅದೊಂದೇ ಇರಬಹುದು.

ರೂಟರಿನ ಒಳಗೆ

ಟೈಪ್ ಸರಿಯಿದೆ, ಹತ್ತಿರ ನಿಂತಿದ್ದೀರಿ, ಆದರೂ ಒಂದೇ ಸಾಧನ ಸೇರುತ್ತಿಲ್ಲ ಅಂದರೆ ಸೆಟ್ಟಿಂಗ್ ಪುಟ ತೆಗೆಯಿರಿ.

ಮೊದಲು ನೋಡಬೇಕಾದ್ದು ಭದ್ರತೆಯ ಬಗೆ. 2018ರಲ್ಲಿ ಡಬ್ಲ್ಯೂಪಿಎ3 ಬಂತು. ರೂಟರಿನಲ್ಲಿ ‘ಡಬ್ಲ್ಯೂಪಿಎ3 ಮಾತ್ರ’ ಅಂತ ಇದ್ದರೆ ಹಳೆಯ ಪ್ರಿಂಟರ್, ಹಳೆಯ ಟಿವಿ, ಸಿಸಿಟಿವಿ ಕ್ಯಾಮೆರಾ ಇವುಗಳಿಗೆ ಅದು ಅರ್ಥವೇ ಆಗೋದಿಲ್ಲ. ‘ಪಾಸ್‌ವರ್ಡ್ ತಪ್ಪು’ ಅಂತಲೋ ‘ಸೇರಲಾಗುತ್ತಿಲ್ಲ’ ಅಂತಲೋ ಹೇಳುತ್ತವೆ. ಎರಡೂ ಸೇರಿದ ಮಿಶ್ರ ಆಯ್ಕೆ ಇಡಿ. ಅದಕ್ಕೂ ಬಗ್ಗದ ಸಾಧನ ಇದ್ದರೆ ‘ಡಬ್ಲ್ಯೂಪಿಎ2, ಎಇಎಸ್’ ಇಡಿ. ‘ಟಿಕಿಪ್’ ಅಂತ ಇರೋದು ಹಳೇ, ದುರ್ಬಲ ಬಗೆ, ಅದನ್ನು ಆರಿಸಬೇಡಿ.

ರೂಟರ್ ಕೊಡುವ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಸಿಗ್ನಲ್‌ಗಳಿಗೆ ಬೇರೆ ಬೇರೆ ಪಾಸ್‌ವರ್ಡ್ ಇದೆಯಾ ನೋಡಿ. ಒಂದನ್ನು ಬದಲಿಸಿ ಇನ್ನೊಂದನ್ನು ಮರೆತಿರೋದು ತುಂಬಾ ಸಾಮಾನ್ಯ. ಮಹಡಿಯಲ್ಲಿ ಸಿಗ್ನಲ್ ಹೆಚ್ಚಿಸೋಕೆ ಎಕ್ಸ್‌ಟೆಂಡರ್ ಇಟ್ಟಿದ್ದರೆ ಅದರದ್ದೂ ಇದೇ ಕಥೆ. ರೂಟರಿಗೆ ಹೊಸ ಪಾಸ್‌ವರ್ಡ್ ಬಂದಿರುತ್ತದೆ, ಎಕ್ಸ್‌ಟೆಂಡರ್ ಹಳೆಯದನ್ನೇ ಹಿಡಿದಿರುತ್ತದೆ, ಇಬ್ಬರ ಹೆಸರೂ ಒಂದೇ. ಕೆಳಗೆ ಸೇರುತ್ತದೆ, ಮೇಲೆ ಹೋದರೆ ‘ತಪ್ಪು’. ಎಕ್ಸ್‌ಟೆಂಡರನ್ನು ಆಫ್ ಮಾಡಿ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಮ್ಯಾಕ್ ಫಿಲ್ಟರ್ ಹಾಕಿಕೊಂಡ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಪ್ರತಿ ಸಾಧನಕ್ಕೂ ಮ್ಯಾಕ್ ವಿಳಾಸ ಅನ್ನೋ ಗುರುತಿನ ಸಂಖ್ಯೆ ಇರುತ್ತದೆ, ಅದನ್ನು ನೋಡಿ ಪಟ್ಟಿಯಲ್ಲಿರುವ ಸಾಧನಗಳನ್ನು ಮಾತ್ರ ಒಳಗೆ ಬಿಡೋದು ಈ ಫಿಲ್ಟರಿನ ಕೆಲಸ. ಆದರೆ ಆಂಡ್ರಾಯ್ಡ್ 10 ಮತ್ತು ಐಓಎಸ್ 14ರ ನಂತರ ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸ ಕೊಡದೆ ಬೇರೊಂದನ್ನು ಮಾಡಿಕೊಂಡು ಕೊಡುತ್ತವೆ. ಫೋನಿನ ನಿಜವಾದ ವಿಳಾಸ ಪಟ್ಟಿಗೆ ಸೇರಿಸಿದರೆ ಪ್ರಯೋಜನವಿಲ್ಲ. ಆ ವೈಫೈಗೆ ಮಾತ್ರ ‘ಪ್ರೈವೇಟ್ ಅಡ್ರೆಸ್’ ಆಫ್ ಮಾಡಿ. ನನ್ನನ್ನು ಕೇಳಿದರೆ, ಮನೆಗೆ ಒಳ್ಳೆಯ ಪಾಸ್‌ವರ್ಡ್ ಇದ್ದರೆ ಮ್ಯಾಕ್ ಫಿಲ್ಟರ್ ಬೇಕಿಲ್ಲ.

ಪಾಸ್‌ವರ್ಡ್ ತೆಗೆದು ಬಿಡೋಣ ಅನ್ನಬೇಡಿ

ಬೇಸತ್ತು ‘ಓಪನ್’ ಮಾಡಿಟ್ಟವರಿದ್ದಾರೆ. ಪರೀಕ್ಷೆಗೆ ಅಂತ ಐದು ನಿಮಿಷ ಮಾಡಿದರೂ ಮರಳಿ ಹಾಕೋದು ಮರೆತುಹೋಗುತ್ತದೆ. 2008ರ ಜುಲೈನಲ್ಲಿ ಅಹಮದಾಬಾದಿನಲ್ಲಿ ಸರಣಿ ಸ್ಫೋಟ ಆಯಿತಲ್ಲ, ಅದಕ್ಕೆ ಕೆಲವೇ ನಿಮಿಷ ಮುಂಚೆ ಬಂದ ಬೆದರಿಕೆ ಇಮೇಲ್ ನವಿ ಮುಂಬೈನ ಒಬ್ಬರ ಮನೆಯ ವೈಫೈ ಮೂಲಕ ಹೋಗಿತ್ತು. ಪೊಲೀಸರು ಹುಡುಕಿಕೊಂಡು ಮೊದಲು ಹೋಗಿದ್ದು ಆ ಮನೆಗೇ. ನಿಮ್ಮ ವೈಫೈನಿಂದ ಹೋದದ್ದೆಲ್ಲ ನಿಮ್ಮ ಮನೆಯ ವಿಳಾಸ ಹೊತ್ತುಕೊಂಡು ಹೋಗುತ್ತದೆ.

ಪ್ರಿಂಟರಿನಂಥದ್ದಕ್ಕೆ ಪಾಸ್‌ವರ್ಡ್ ಹಾಕೋದು ಕಷ್ಟವಾದರೆ ಪಾಸ್‌ವರ್ಡ್ ಟೈಪ್ ಮಾಡದೇ ಸೇರಿಸುವ, ರೂಟರಿನ ಡಬ್ಲ್ಯೂಪಿಎಸ್ ಗುಂಡಿ ಬಳಸಬಹುದು. ಗುಂಡಿ ಪರವಾಗಿಲ್ಲ. ಆದರೆ ಡಬ್ಲ್ಯೂಪಿಎಸ್ ‘ಪಿನ್’ ಆಯ್ಕೆಯನ್ನು ಆಫ್ ಮಾಡಿಡಿ. 8 ಅಂಕಿಯ ಆ ಪಿನ್ನನ್ನು ರೂಟರ್ ಎರಡು ತುಂಡಾಗಿ ಪರೀಕ್ಷಿಸೋದರಿಂದ ಗರಿಷ್ಠ 11,000 ಪ್ರಯತ್ನದಲ್ಲಿ ಒಡೆಯಬಹುದು ಅಂತ 2011ರಲ್ಲೇ ಗೊತ್ತಾಗಿದೆ.

ರೀಸೆಟ್ ಮಾಡಲೇಬೇಕಾದರೆ

ಯಾವ ಸಾಧನದಲ್ಲೂ ಪಾಸ್‌ವರ್ಡ್ ಉಳಿದಿಲ್ಲ, ಸೆಟ್ಟಿಂಗ್ ಪುಟದ ಪಾಸ್‌ವರ್ಡೂ ಗೊತ್ತಿಲ್ಲ. ಆಗ ಮಾತ್ರ ಪಿನ್. ಅದಕ್ಕೂ ಮುಂಚೆ ಫೈಬರ್‌ನವರಿಗೆ ಫೋನ್ ಮಾಡಿ ಸಂಪರ್ಕದ ಯೂಸರ್‌ನೇಮ್, ಪಾಸ್‌ವರ್ಡ್, ಇದ್ದರೆ ವಿಲ್ಯಾನ್ ಸಂಖ್ಯೆ (ಕೆಲವು ಕಂಪನಿಗಳ ಸಂಪರ್ಕಕ್ಕೆ ರೂಟರಿನಲ್ಲಿ ಹಾಕಬೇಕಾದ ಒಂದು ಸಂಖ್ಯೆ) ಕೇಳಿ ಬರೆದುಕೊಳ್ಳಿ. ರೀಸೆಟ್ ಮಾಡಿದರೆ ವೈಫೈ ಪಾಸ್‌ವರ್ಡ್ ಜೊತೆ ಇವೂ ಅಳಿಸಿ ಹೋಗುತ್ತವೆ. ವೈಫೈ ಸೇರುತ್ತದೆ, ನೆಟ್ ಮಾತ್ರ ಇರೋದಿಲ್ಲ. ಶನಿವಾರ ಸಂಜೆ ಹೀಗೆ ಮಾಡಿಕೊಂಡರೆ ಸೋಮವಾರ ಯಾರಾದರೂ ಬರುವ ತನಕ ಕಾಯಬೇಕು. ಬೇರೆ ಕಾರಣಕ್ಕೆ ರೀಸೆಟ್ ಮಾಡುವುದಾದರೆ, ಸೆಟ್ಟಿಂಗ್ ಪುಟ ತೆರೆಯುವಂತಿದ್ದರೆ ಅದರ ಫೋಟೋ ತೆಗೆದಿಡಬಹುದು. ಆದರೆ ಅಲ್ಲಿ ಪಾಸ್‌ವರ್ಡ್ ಚುಕ್ಕಿಗಳಾಗಿ ಇರುತ್ತದೆ, ಫೋಟೋ ಒಂದೇ ಸಾಲದು.

ರೂಟರ್ ಆನ್ ಇರುವಾಗಲೇ ಪಿನ್ ಒತ್ತಿ, 10 ಸೆಕೆಂಡ್ ಹಿಡಿದು ಬಿಡಿ. ದೀಪಗಳೆಲ್ಲ ಒಟ್ಟಿಗೆ ಆರಿ ಹತ್ತುತ್ತವೆ. ಎರಡು ಮೂರು ನಿಮಿಷ ಬಿಟ್ಟು ಚೀಟಿಯ ಪಾಸ್‌ವರ್ಡಿನಿಂದ ಸೇರಿ.

ಹೊಸ ಪಾಸ್‌ವರ್ಡ್ ಇಡುವಾಗ ಮೊಬೈಲ್ ನಂಬರ್ ಬೇಡ. ನಮ್ಮ ಮನೆಗಳಲ್ಲಿ ಅದು ತುಂಬಾ ಹೆಚ್ಚು. ನಮ್ಮ ದೇಶದ ಮೊಬೈಲ್ ನಂಬರುಗಳು 6ರಿಂದ 9ರೊಳಗೆ ಶುರುವಾಗುತ್ತವೆ, ಹಾಗಾಗಿ ಒಟ್ಟು 400 ಕೋಟಿ ಸಾಧ್ಯತೆ. ಆ ನಾಲ್ಕು ಸಂದೇಶಗಳನ್ನು ಗಾಳಿಯಿಂದ ಹಿಡಿದಿಟ್ಟುಕೊಂಡವರಿಗೆ, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ, ಅಷ್ಟನ್ನೂ ಹಾಕಿ ನೋಡೋದು ಕೆಲವು ಗಂಟೆಗಳ ಕೆಲಸ. ಅದರ ಬದಲು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆಯಿರಿ: ಒಲೆ, ಕಪ್ಪೆ, ಹಗ್ಗ, ಸಂತೆ ಅನ್ನೋ ಥರ. (ಇದನ್ನೇ ಇಡಬೇಡಿ, ನಿಮ್ಮದೇ ನಾಲ್ಕು ಹುಡುಕಿ.) ಹೇಳಿ ಬರೆಸೋದೂ ಸುಲಭ, ಟಿವಿ ರಿಮೋಟಿನಲ್ಲಿ ಒಂದೊಂದೇ ಅಕ್ಷರ ಒತ್ತೋದೂ ಸುಲಭ. ನಡುವೆ ಖಾಲಿ ಜಾಗ, ವಿಚಿತ್ರ ಚಿಹ್ನೆ ಬೇಡ. ಅಗ್ಗದ ಕ್ಯಾಮೆರಾ, ಸ್ಮಾರ್ಟ್ ಪ್ಲಗ್ ಕೆಲವು ಅವುಗಳಲ್ಲಿ ಎಡವುತ್ತವೆ.

ಅತ್ತೆ ಈಗ ಕ್ಯೂಆರ್ ಕೋಡ್ ಪ್ರಿಂಟ್ ಹಾಕಿಸಿ ಬೀರುವಿನ ಬಾಗಿಲ ಒಳಗಡೆ ಅಂಟಿಸಿದ್ದಾರೆ. ಕೆಳಗೆ ಪೆನ್ನಿನಲ್ಲಿ ಪಾಸ್‌ವರ್ಡ್, ಸೊನ್ನೆಗಳಿಗೆ ನಡುವೆ ಒಂದು ಓರೆ ಗೆರೆ. ಮೇಲೆ ಬರೆದ ತಾರೀಖು.